ಬ್ಲೇಡು ಮಸೆಯುವ ಲೋಟ

ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಸ್ಟೀಲ್ ಲೋಟ. ಗಾಜಿನದು ಒಂದೇ ಒಂದು. ಅದರಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಅದು ಅಪ್ಪ ಬ್ಲೇಡು ಮಸೆಯುವ ಲೋಟ.

ಭಾನುವಾರ ಬೆಳಿಗ್ಗೆ ಅಪ್ಪ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ ಕೂರುತ್ತಿದ್ದರು. ಲೋಟದೊಳಗೆ ಎರಡು ಹನಿ ನೀರು. ಹಳೇ ಟೋಪಾಜ್ ಬ್ಲೇಡನ್ನು ಒಳಮೈಗೆ ಒತ್ತಿ, ನಡುವಿನ ತೂತಿನ ಮೇಲೆ ತೋರುಬೆರಳಿಟ್ಟು, ಹಿಂದೆ ಮುಂದೆ ಉಜ್ಜುವುದು. ಕಿರ್ರ್, ಕಿರ್ರ್. ಇಪ್ಪತ್ತು ಸಲ ಆಯಿತು ಅಂದರೆ ಮಗುಚಿ ಮತ್ತೆ ಇಪ್ಪತ್ತು. ಲೋಟದ ಮೈ ದುಂಡಗಿರುವುದರಿಂದ ಎರಡು ಅಂಚೂ ಒಟ್ಟಿಗೆ ಗಾಜಿಗೆ ತಾಗುತ್ತವೆ. ಆಮೇಲೆ ಮೊಣಕೈ ಹತ್ತಿರ ನಾಲ್ಕು ರೋಮ ಕೆರೆದು ಪರೀಕ್ಷೆ. ಪಾಸಾದರೆ ಇನ್ನೊಂದು ವಾರ ನೌಕರಿ.

ಗಡ್ಡ ಆದ ಮೇಲೂ ಉಪಚಾರವಿತ್ತು. ಬ್ಲೇಡನ್ನು ಬಟ್ಟೆಯಲ್ಲಿ ಒರೆಸಬಾರದು, ಕೊಡವಬೇಕು. ತುಕ್ಕು ಹಿಡಿಯದಿರಲಿ ಅಂತ ಒಂದು ತೊಟ್ಟು ಕೊಬ್ಬರಿ ಎಣ್ಣೆ. ನಮ್ಮ ತಲೆಗೆ ಎಣ್ಣೆ ಬೀಳುತ್ತಿದ್ದದ್ದು ಮಾತ್ರ ವಾರಕ್ಕೊಮ್ಮೆ.

ತಮಾಷೆ ಏನೆಂದರೆ, ಈ ಬ್ಲೇಡು ಹುಟ್ಟಿದ್ದೇ ಬಿಸಾಡುವುದಕ್ಕೆ. ಕ್ಷೌರದ ಕತ್ತಿಯನ್ನು ದಿನಾ ಚರ್ಮದ ಪಟ್ಟಿಗೆ ತೀಡುವ ರಗಳೆಯೇ ಬೇಡ, ಮೊಂಡಾದರೆ ಎಸೆದು ಹೊಸದು ಕೊಳ್ಳಲಿ ಅನ್ನುವುದು ಅಮೆರಿಕದ ಕಿಂಗ್ ಜಿಲೆಟ್‌ನ ಲೆಕ್ಕ. 1903ರಲ್ಲಿ, ಮಾರಾಟ ಶುರುವಾದ ವರ್ಷ, ಹೋದದ್ದು 51 ರೇಜರು, 168 ಬ್ಲೇಡು. ಆಮೇಲೆ ಲೆಕ್ಕ ಸಿಗದಷ್ಟು. ಆ ದೇಶದ ಹಳೇ ಮನೆಗಳ ಬಚ್ಚಲಲ್ಲಿ ಕನ್ನಡಿ ಕಪಾಟಿನ ಹಿಂದೆ ಒಂದು ಸೀಳು ಇರುತ್ತಿತ್ತಂತೆ. ಸವೆದ ಬ್ಲೇಡನ್ನು ಅದರಲ್ಲಿ ತೂರಿದರೆ ಗೋಡೆಯ ಒಳಗೆ ಬಿದ್ದು ಹೋಗುತ್ತಿತ್ತು. ಗೋಡೆ ಒಡೆದವರಿಗೆ ತಾತಂದಿರ ಗಡ್ಡದ ಇತಿಹಾಸವೇ ಸಿಗುತ್ತಿತ್ತೇನೋ!

ನಮ್ಮಲ್ಲಿ ಗೋಡೆಗೆ ಕೊಡಲು ಏನೂ ಉಳಿಯುತ್ತಿರಲಿಲ್ಲ. ಗಡ್ಡದ ಕೆಲಸದಿಂದ ಬಿಡುಗಡೆಯಾದ ಬ್ಲೇಡನ್ನು ಅಪ್ಪ ಕಾಗದದಲ್ಲಿ ಸುತ್ತಿ, ಉದ್ದಕ್ಕೆ ಬಗ್ಗಿಸಿ, ಟಕ್ ಅಂತ ಎರಡು ಮಾಡುತ್ತಿದ್ದರು. ಅರ್ಧ ಅಮ್ಮನ ಹೊಲಿಗೆ ಡಬ್ಬಿಗೆ, ರವಿಕೆಯ ಹೊಲಿಗೆ ಬಿಚ್ಚಲು. ಇನ್ನರ್ಧ ನನ್ನ ಪೆನ್ಸಿಲ್ ಹೆರೆಯಲು. ನನ್ನ ಹೆಬ್ಬೆರಳಿನಲ್ಲಿ ಇವತ್ತಿಗೂ ಒಂದು ಗೆರೆ ಇದೆ, ಹಸ್ತಸಾಮುದ್ರಿಕದವರು ಓದಲಾರದ ಗೆರೆ.

ಮಸೆದರೆ ನಿಜವಾಗಿ ಹರಿತ ಆಗುತ್ತಾ? ಮಡಚಿಕೊಂಡ ಅಂಚು ಸ್ವಲ್ಪ ನೆಟ್ಟಗಾಗಬಹುದು. ಆದರೆ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಗಡ್ಡ ಕೆರೆದ ಬ್ಲೇಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಂಚು ಅಲ್ಲಲ್ಲಿ ಚೂರು ಚೂರಾಗಿ ಸಿಡಿದಿತ್ತು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಬಾಗಿದ ಕೂದಲು ಉಕ್ಕಿನ ಹಲ್ಲು ಮುರಿಯುತ್ತದೆ! ಸಿಡಿದದ್ದನ್ನು ಯಾವ ಗಾಜೂ ತುಂಬಿಕೊಡದು. ಮೇಲಾಗಿ ಈಗಿನ ಬ್ಲೇಡಿನ ಅಂಚಿಗೆ ನಾನ್‌ಸ್ಟಿಕ್ ಕಾವಲಿಗೆ ಹಾಕುವಂಥದ್ದೇ ಲೇಪ ಇರುತ್ತದೆ. ಉಜ್ಜಿದರೆ ಮೊದಲು ಹೋಗುವುದು ಅದೇ.

ಇಷ್ಟೆಲ್ಲ ಗೊತ್ತಿದ್ದೂ ಹೋದ ಭಾನುವಾರ ಸುಮ್ನೆ ಉಜ್ಜಿ ನೋಡಿದೆ. ಕಿರ್ರ್ ಅನ್ನುವ ಸದ್ದು ಹಾಗೇ ಇತ್ತು. ಗಲ್ಲದ ಮೇಲೆ ಎರಡು ಕಡೆ ರಕ್ತ. ಪಟಿಕ ಹುಡುಕುತ್ತಿದ್ದರೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು:

"ಆರು ಲೋಟದ ಸೆಟ್ಟಲ್ಲಿ ಐದೇ ಇದೆ. ಇನ್ನೊಂದು ಎಲ್ಲಿ?"