ಚರಂಡಿಯಿಂದ ರಾಜಬೀದಿಗೆ

ನಮ್ಮ ಊರಿನಲ್ಲಿ ಸ್ನೋಮೊಬೈಲ್ ವಿಷಯಕ್ಕೆ ದೊಡ್ಡ ಗಲಾಟೆ ನಡೆದಿದೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅದು ಯಾವ ಕಂಪನಿಯ ಮೊಬೈಲು? ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ?" ತಿಪಟೂರಿನಲ್ಲಿ ಕುಳಿತವರಿಗೆ ಮೊಬೈಲ್ ಎಂದರೆ ಮೊಬೈಲೇ. ನಾನು ಬಿಡಿಸಿ ಹೇಳಿದೆ. ಅದೊಂದು ಬಂಡಿ. ಮುಂದೆ ಎರಡು ಜಾರುಹಲಗೆ, ಹಿಂದೆ ಯುದ್ಧದ ಟ್ಯಾಂಕಿಗಿರುವಂಥ ರಬ್ಬರಿನ ಪಟ್ಟಿ, ನಡುವೆ ಮೋಟಾರ್ ಸೈಕಲ್ಲಿನಂಥ ಸೀಟು. ಹಿಮದ ಮೇಲೆ ಓಡುತ್ತದೆ. "ಈಗ ಅಲ್ಲಿ ಹಿಮ ಬಿದ್ದಿದೆಯೇನು?" ಎಂದಳು. ಇಲ್ಲ, ಮಳೆ ಬರುತ್ತಿದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ?" ಎಂದು ಕೇಳಿದಳು.

ನಾನಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ. ಹೆಸರು ಹೇಳುವುದಿಲ್ಲ, ನನ್ನ ಮನೆಯ ಮುಂದಿನ ಹಿಮವನ್ನು ಇನ್ನು ಮುಂದೆಯೂ ಅದೇ ಪುರಸಭೆಯ ಲಾರಿ ತಳ್ಳಬೇಕಾಗಿದೆ. ಇದು 2024ರ ಜನವರಿಯ ಮಾತು. ಅದಕ್ಕೆ ಹಿಂದಿನ ತಿಂಗಳು ಕ್ರಿಸ್‌ಮಸ್ ದಿನ ಇಲ್ಲಿ ಹಿಮದ ಬದಲು ಮಳೆ ಸುರಿದಿತ್ತು. ಆ ಚಳಿಗಾಲ ಮಿನ್ನೆಸೋಟದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು ಎನ್ನಿಸಿಕೊಂಡಿತು. ಡುಲೂತ್ ಕಡೆ ನಡೆಯಬೇಕಿದ್ದ ಬೇರ್‌ಗ್ರೀಸ್ ನಾಯಿಬಂಡಿ ಓಟವನ್ನು ಹಿಮವಿಲ್ಲವೆಂದು ರದ್ದು ಮಾಡಿದರು. ನಾಯಿಗಳಿಗೆ ಪರಿಸ್ಥಿತಿ ಅರ್ಥವಾಗಿತ್ತು. ನಮ್ಮ ಪುರಸಭೆ ಮಾತ್ರ ಅದೇ ತಿಂಗಳು, ಊರಿನ ಬೀದಿಗಳಲ್ಲಿ ಸ್ನೋಮೊಬೈಲ್ ಓಡಿಸಲು ಅನುಮತಿ ಕೊಡಬೇಕೇ ಎಂಬ ವಿಷಯವನ್ನು ಸಾರ್ವಜನಿಕ ಚರ್ಚೆಗೆ ಇಟ್ಟಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕೇಳಿದ್ದೆ. ಇವರು ಕುಲಾವಿಗೆ ಯಾವ ಬಣ್ಣದ ದಾರ ಎಂದು ಮತಕ್ಕೆ ಹಾಕುವವರು.

ಇಲ್ಲಿಯ ರಾಜ್ಯದ ಕಾನೂನನ್ನು ಸ್ವಲ್ಪ ಹೇಳಬೇಕು. ಅದಿಲ್ಲದೆ ಈ ಹಂಬಲ ಅರ್ಥವಾಗುವುದಿಲ್ಲ. ಮಿನ್ನೆಸೋಟದಲ್ಲಿ ಸ್ನೋಮೊಬೈಲನ್ನು ಹೆದ್ದಾರಿಯ ಮೇಲೆ ಓಡಿಸುವಂತಿಲ್ಲ, ಅಂಚಿನಲ್ಲೂ ಓಡಿಸುವಂತಿಲ್ಲ, ರಸ್ತೆಯಿಂದ ಕೆಳಗಿಳಿಯುವ ಇಳಿಜಾರಿನಲ್ಲೂ ಓಡಿಸುವಂತಿಲ್ಲ. ಅದರ ಜಾಗ ಪಕ್ಕದ ಚರಂಡಿಯ ತಳ, ಅಥವಾ ಅದರ ಆಚೆಯ ದಡ. ರಸ್ತೆ ದಾಟುವುದಾದರೆ ಪೂರ್ತಿ ನಿಂತು, ಹೆಚ್ಚುಕಡಿಮೆ ತೊಂಬತ್ತು ಡಿಗ್ರಿ ಕೋನದಲ್ಲಿ ದಾಟಬೇಕು. ನಮ್ಮ ಕಡೆ ಚರಂಡಿಗೆ ಇಳಿದ ಗಾಡಿಯನ್ನು ಜನ ಸೇರಿ ಎತ್ತುತ್ತಾರೆ. ಇಲ್ಲಿ ಚರಂಡಿಯಿಂದ ಮೇಲೆ ಬಂದರೆ ದಂಡ ಹಾಕುತ್ತಾರೆ. ಆದರೆ ಊರೊಳಗಿನ ಬೀದಿಗಳ ನಿಯಮವನ್ನು ಆಯಾ ಊರಿನವರು ಮಾಡಿಕೊಳ್ಳಬಹುದು. ಗಲಾಟೆ ಹುಟ್ಟಿದ್ದು ಅಲ್ಲಿ.

ಹಾಗೆಂದು ಈ ಬಂಡಿಗಳಿಗೆ ಓಡಾಡಲು ಜಾಗವಿಲ್ಲ ಎಂದುಕೊಳ್ಳಬೇಡಿ. ರಾಜ್ಯದಲ್ಲಿ ಸ್ನೋಮೊಬೈಲಿಗೆಂದೇ ಗುರುತಿಸಿದ ದಾರಿ 22,000 ಮೈಲಿಗೂ ಹೆಚ್ಚಿದೆ, ಅಂದರೆ ಸುಮಾರು 35,000 ಕಿಲೋಮೀಟರ್. ಭೂಮಿಯನ್ನು ಒಂದು ಸುತ್ತು ಸುತ್ತಲು ಐದು ಸಾವಿರ ಮಾತ್ರ ಕಡಿಮೆ. ರೈತರು ತಮ್ಮ ಹೊಲದಲ್ಲಿ ಹಾದುಹೋಗಲು ಬಿಡುತ್ತಾರೆ, ಕ್ಲಬ್ಬುಗಳ ಜನ ಸಂಬಳವಿಲ್ಲದೆ ದಾರಿ ಹದಮಾಡುತ್ತಾರೆ. ಮೆಚ್ಚಬೇಕಾದ ಕೆಲಸ, ಅದರಲ್ಲಿ ಕೊಂಕಿಲ್ಲ. ನಮ್ಮ ಊರಿನವರಿಗೆ ಬೇಕಾಗಿದ್ದದ್ದು ಇದರ ಜೊತೆಗೆ ಇನ್ನೊಂದು ಮುಕ್ಕಾಲು ಕಿಲೋಮೀಟರ್. ಹೆದ್ದಾರಿಯ ಚರಂಡಿಯಿಂದ ಮುಖ್ಯಬೀದಿಯ ಬಾರಿನವರೆಗೆ.

ಸಭೆಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಮುಗಿದರೆ ಗುಮಾಸ್ತೆ ಗಂಟೆ ಬಾರಿಸುತ್ತಾರೆ. ಬಾರಿನ ಮಾಲೀಕರು ಮೊದಲು ಎದ್ದರು. ಊರಿನ ಆರ್ಥಿಕತೆ ಎಂಬ ಪದವನ್ನು ಹನ್ನೆರಡು ಸಲ ಬಳಸಿದರು (ನಾನು ಎಣಿಸಿದೆ), ಬಿಯರ್ ಎಂಬ ಪದವನ್ನು ಒಮ್ಮೆಯೂ ಬಳಸಲಿಲ್ಲ. ಆಮೇಲೆ ಎದ್ದ ನಿವೃತ್ತ ಶಿಕ್ಷಕಿ ರಾತ್ರಿ ಎರಡು ಗಂಟೆಗೆ ಕಿಟಕಿಯ ಕೆಳಗೆ ಆ ಎಂಜಿನ್ ಹೇಗೆ ಕೂಗುತ್ತದೆ ಎಂಬುದನ್ನು ತಾವೇ ಕೂಗಿ ತೋರಿಸಿದರು. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ. ಮೂರನೆಯವರು ರಾಜ್ಯಾಭಿಮಾನ ಎತ್ತಿದರು. ರೋಸೋ ಪಟ್ಟಣದ ಪೊಲಾರಿಸ್, ಥೀಫ್ ರಿವರ್ ಫಾಲ್ಸ್‌ನ ಆರ್ಕ್ಟಿಕ್ ಕ್ಯಾಟ್, ಸ್ನೋಮೊಬೈಲಿಗೆ ಹೆಸರಾದ ಈ ಎರಡು ಕಂಪನಿಗಳೂ ಈ ಮಣ್ಣಿನ ಮಕ್ಕಳು. ಹೆತ್ತ ಮಕ್ಕಳನ್ನು ಚರಂಡಿಯಲ್ಲಿ ಬಿಡುವುದು ಯಾವ ನ್ಯಾಯ ಎಂದು ಕೇಳಿದರು. ಒಬ್ಬಿಬ್ಬರ ಕಣ್ಣು ಒದ್ದೆಯಾಯಿತು.

ಸುರಕ್ಷತೆಯ ಮಾತು ಬಂದಾಗ ಎಲ್ಲರೂ ಅದರ ಪರವಾಗಿದ್ದರು. ಸುರಕ್ಷತೆಗೆ ವಿರೋಧಿಗಳು ಎಲ್ಲಿಯೂ ಇರುವುದಿಲ್ಲ. ರಾಜ್ಯದ ನಿಯಮದಂತೆ 1976ರ ಡಿಸೆಂಬರ್ 31ರ ನಂತರ ಹುಟ್ಟಿದವರು ಸ್ನೋಮೊಬೈಲ್ ಓಡಿಸಲು ತರಬೇತಿ ಪಡೆದು ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಅದಕ್ಕೆ ಮೊದಲು ಹುಟ್ಟಿದವರಿಗೆ ಹುಟ್ಟೇ ಪ್ರಮಾಣಪತ್ರ. ನಾನು 1975ರವನು. ಬಾಲ್ಯವಿಡೀ ತೆಂಗಿನ ತೋಟದಲ್ಲಿ ಕಳೆದಿದ್ದೇನೆ, ಮೂವತ್ತು ದಾಟುವವರೆಗೆ ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ನೋಡಿದ್ದೆ, ಆ ಬಂಡಿಯನ್ನು ಇಂದಿಗೂ ಹತ್ತಿಲ್ಲ. ಆದರೂ ಕಾನೂನಿನ ಕಣ್ಣಿನಲ್ಲಿ ನಾನು ನುರಿತವನು. ರೋಸೋದಲ್ಲಿ ಹುಟ್ಟಿ ಐದನೆಯ ವಯಸ್ಸಿಗೇ ಹ್ಯಾಂಡಲ್ ಹಿಡಿದು, ಈಗ ನಲವತ್ತು ದಾಟಿದವನು ಪರೀಕ್ಷೆ ಬರೆಯಬೇಕು.

ನಡೆದುಹೋಗುವವರ ಕಥೆ ಏನು ಎಂದು ನಾನೂ ಎದ್ದು ಕೇಳಿದೆ. ಸದಸ್ಯರೊಬ್ಬರು ನಿಜವಾದ ಅಚ್ಚರಿಯಿಂದ, "ಈ ಊರಿನಲ್ಲಿ ನಡೆಯುವವರು ಯಾರಿದ್ದಾರೆ?" ಎಂದರು. ನಾನು ಕುಳಿತೆ. ಎರಡು ನಿಮಿಷ ಐವತ್ತು ಸೆಕೆಂಡು ಉಳಿದಿತ್ತು.

ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್ ಊರನ್ನು ನೋಡಿ ಎಂದು ಇನ್ನೊಬ್ಬರು ಸಾಕ್ಷಿ ತಂದರು. ಅಲ್ಲಿ ಬೀದಿಯಲ್ಲೇ ಸ್ನೋಮೊಬೈಲ್ ಓಡಿಸುತ್ತಾರೆ, ಆಕಾಶವೇನೂ ಬಿದ್ದಿಲ್ಲ ಎಂದರು. ಆಕಾಶ ಬಿದ್ದಿಲ್ಲ, ನಿಜ. ಆದರೆ ಆ ಊರಿಗೆ ಹೊಂದಿಕೊಂಡ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲಿನಲ್ಲಿ 2002ರ ಚಳಿಗಾಲದಲ್ಲಿ ಚೀಟಿ ಹರಿಯುವ ಸಿಬ್ಬಂದಿಗೆ ಹೊಗೆ ತಡೆಯುವ ಮುಖವಾಡ ಕೊಡಬೇಕಾಯಿತು. ಅಮೆರಿಕದ ಅತ್ಯಂತ ಹಳೆಯ ರಾಷ್ಟ್ರೀಯ ಉದ್ಯಾನ, ಶುದ್ಧ ಗಾಳಿ ಕುಡಿಯಲು ಜನ ಸಾವಿರಾರು ಮೈಲಿ ದೂರದಿಂದ ಬರುವ ಜಾಗ! ಕ್ಲಿಂಟನ್ ಸರ್ಕಾರ ಹೋಗುವ ಮುನ್ನ ಅಲ್ಲಿ ಈ ಬಂಡಿಗಳನ್ನು ಹಂತಹಂತವಾಗಿ ನಿಲ್ಲಿಸಲು ನಿಯಮ ಮಾಡಿತು, ಬುಷ್ ಸರ್ಕಾರ ಬಂದು ತಿರುಗಿಸಿತು. 2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶರು ಹಳೆಯ ನಿಷೇಧವೇ ಸರಿ ಎಂದರು. 2004ರ ಫೆಬ್ರುವರಿಯಲ್ಲಿ ವಯೋಮಿಂಗ್‌ನ ನ್ಯಾಯಾಧೀಶರು ಆ ನಿಷೇಧ ತಪ್ಪು ಎಂದರು. ಒಂದೇ ಚಳಿಗಾಲ, ಒಂದೇ ಹಿಮ, ಎರಡು ತೀರ್ಪು. ಕಾಡೆಮ್ಮೆಗಳು ಯಾವುದನ್ನು ಪಾಲಿಸಿದವೋ ತಿಳಿಯದು.

ಇಷ್ಟರಲ್ಲಿ ಒಬ್ಬರು ಎದ್ದು, ತುರ್ತು ಸಂದರ್ಭಕ್ಕಾದರೂ ಬೀದಿ ಬಿಡಿ, ಹಿಮದಲ್ಲಿ ಸಿಕ್ಕಿಬಿದ್ದ ರೋಗಿಯ ಗತಿ ಏನು ಎಂದು ಗಂಟಲು ಬಿಗಿದು ಕೇಳಿದರು. ಆ ಮಾತಿಗೆ ಮಾತ್ರ ನಗಲಾಗಲಿಲ್ಲ. ಯಾಕೆಂದರೆ ಈ ಬಂಡಿಯ ಇತಿಹಾಸದಲ್ಲಿ ಅಂಥ ಒಂದು ರಾತ್ರಿ ನಿಜವಾಗಿಯೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಇವೋನನಿಗೆ ಕರುಳುಬಾಲದ ಉರಿಯೂತವಾಯಿತು. ರಸ್ತೆಗಳು ಹಿಮದಲ್ಲಿ ಮುಚ್ಚಿದ್ದವು. ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ತಂದೆ ಹಿಮದ ಮೇಲೆ ಓಡುವ ವಾಹನದ ಕೆಲಸವನ್ನು ಬಿಡಲಿಲ್ಲ. 1937ರಲ್ಲಿ ತಮ್ಮ ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಏಳು ಜನ ಕೂರುವ ಅವರ ಗಾಡಿಗಳಲ್ಲಿ ವೈದ್ಯರು, ಪಾದ್ರಿಗಳು, ಅಂಚೆಯವರು ಓಡಾಡಿದರು.

ಆಮೇಲಿನದು ಇನ್ನೂ ಸ್ವಾರಸ್ಯ. 1948ರಲ್ಲಿ ಕ್ವಿಬೆಕ್ ಸರ್ಕಾರ ಹಳ್ಳಿಯ ರಸ್ತೆಗಳಲ್ಲೂ ಹಿಮ ತೆಗೆಯಲೇಬೇಕೆಂದು ಕಾನೂನು ಮಾಡಿತು. ಕಾರುಗಳು ಓಡಾಡತೊಡಗಿದವು, ಬೊಂಬಾರ್ಡಿಯೇ ಅವರ ವ್ಯಾಪಾರ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಅವರು ಬೇರೆ ದಾರಿ ಹುಡುಕಿ ಕೊನೆಗೆ 1959ರಲ್ಲಿ ಚಿಕ್ಕದೊಂದು ಬಂಡಿ ಮಾಡಿದರು. ಅದಕ್ಕೆ ಸ್ಕೀ-ಡಾಗ್ ಎಂದು ಹೆಸರಿಡಬೇಕಿತ್ತು, ಒಂದಕ್ಷರ ತಪ್ಪಿ ಸ್ಕೀ-ಡೂ ಆಯಿತು ಎನ್ನುತ್ತಾರೆ. ಅಂದರೆ, ರಸ್ತೆಯಲ್ಲಿ ಹಿಮ ತುಂಬಿದ್ದಾಗ ಅದು ಆಂಬುಲೆನ್ಸ್ ಆಗಿತ್ತು. ರಸ್ತೆಯ ಹಿಮ ತೆಗೆದಾಗ ಆಟಿಕೆಯಾಯಿತು. ಈಗ ಆ ಆಟಿಕೆ, ಹಿಮ ತೆಗೆದ ರಸ್ತೆಯೇ ನನಗೂ ಬೇಕು ಎಂದು ಅರ್ಜಿ ಹಾಕಿಕೊಂಡು ಪುರಸಭೆಯ ಬಾಗಿಲಲ್ಲಿ ನಿಂತಿದೆ.

ಬರಿ ಟಾರು ರಸ್ತೆಯ ಮೇಲೆ ಆ ಬಂಡಿಗೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ, ಓಡಿಸುವವರಿಗೆಲ್ಲ ಗೊತ್ತಿದ್ದರೂ. ಪಟ್ಟಿಯ ಒಳಗೆ ಜಾರುವ ಪ್ಲಾಸ್ಟಿಕ್ ಕಂಬಿಗಳು ತಣ್ಣಗಿರಲು ಹಿಮ ಬೇಕು. ನೀರಿನಿಂದ ತಣಿಯುವ ಎಂಜಿನ್ನಿಗೂ ಪಟ್ಟಿ ಎರಚುವ ಹಿಮವೇ ಆಧಾರ. ಹಿಮವಿಲ್ಲದಿದ್ದರೆ ಕಂಬಿ ಕರಗುತ್ತದೆ, ಎಂಜಿನ್ ಕಾಯುತ್ತದೆ, ಜಾರುಹಲಗೆಯ ಕೆಳಗಿನ ಲೋಹದ ಪಟ್ಟಿ ಟಾರನ್ನು ಕೆರೆದು ಕಿಡಿ ಹಾರಿಸುತ್ತದೆ. ಮೀನನ್ನು ರಥದಲ್ಲಿ ಕೂರಿಸಿ ಮೆರವಣಿಗೆ ಮಾಡಿದಂತೆ. ಮರ್ಯಾದೆಯೇನೋ ಸಿಕ್ಕಿತು, ಉಸಿರು?

ಕೊನೆಯಲ್ಲಿ ಎದ್ದವರು ಪುರಸಭೆಯ ಹಿಮ ತಳ್ಳುವ ಲಾರಿಯ ಚಾಲಕರು. ಇಪ್ಪತ್ತು ವರ್ಷದಿಂದ ಬೆಳಗಿನ ಜಾವ ಮೂರಕ್ಕೆ ಎದ್ದು ಊರನ್ನು ಬಿಡಿಸುತ್ತಿರುವ ಮನುಷ್ಯ. ಟೋಪಿ ತೆಗೆದು ಒಂದೇ ಪ್ರಶ್ನೆ ಕೇಳಿದರು. "ಸ್ನೋಮೊಬೈಲ್ ಓಡುವ ಬೀದಿಯಲ್ಲಿ ನಾನು ಹಿಮ ತೆಗೆಯಬೇಕೋ, ಬಿಡಬೇಕೋ?"

ಸಭೆ ಸ್ತಬ್ಧವಾಯಿತು. ಮೇಯರ್ ಅವರು ವಕೀಲರನ್ನು ನೋಡಿದರು. ವಕೀಲರು ಗುಮಾಸ್ತೆಯನ್ನು ನೋಡಿದರು. ಗುಮಾಸ್ತೆ ಗಂಟೆ ಬಾರಿಸಿದರು.

ಎರಡನೆಯ ಸಭೆಯ ಹೊತ್ತಿಗೆ ರಾಜಿ ಸಿದ್ಧವಾಗಿತ್ತು. ಹೆದ್ದಾರಿಯಿಂದ ಮುಖ್ಯಬೀದಿಯವರೆಗೆ ಒಂದೇ ದಾರಿ, ಗಂಟೆಗೆ ಹತ್ತು ಮೈಲಿ ವೇಗ, ರಾತ್ರಿ ಹನ್ನೊಂದರವರೆಗೆ, ಮಾರ್ಚ್ 31ಕ್ಕೆ ಮುಕ್ತಾಯ. ಅದರ ಜೊತೆಗೆ, "ಬೀದಿಯಲ್ಲಿ ಸಾಕಷ್ಟು ಹಿಮವಿದ್ದಾಗ ಮಾತ್ರ" ಎಂಬ ಷರತ್ತು. ಸಾಕಷ್ಟು ಎಂದರೆ ಎಷ್ಟು ಎಂದು ತೀರ್ಮಾನಿಸಲು ಒಂದು ಉಪಸಮಿತಿ. ಹಿಮ ತೆಗೆಯುವ ಬಗ್ಗೆ ಇರುವ ಹಳೆಯ ನಿಯಮ ಯಥಾಪ್ರಕಾರ ಮುಂದುವರಿಯತಕ್ಕದ್ದು. ಮುಖ್ಯಬೀದಿಯಲ್ಲಿ ಎಂಟು ಫಲಕ ನೆಟ್ಟರು. ಫೆಬ್ರುವರಿಯ ಬಿಸಿಲಿನಲ್ಲಿ ಅವುಗಳ ನೆರಳಿನಲ್ಲೇ ಹುಡುಗರು ಸೈಕಲ್ ತುಳಿದರು. ಉಪಸಮಿತಿ ಎರಡು ಸಲ ಸೇರಿತು; ಅಳೆಯಲು ಏನೂ ಇರಲಿಲ್ಲ.

ಹಿಮ ಬಂದದ್ದು ಮಾರ್ಚ್ ಕೊನೆಯ ವಾರ. ಇಡೀ ಚಳಿಗಾಲದ ಬಾಕಿ ತೀರಿಸುವಂತೆ ಸುರಿಯಿತು. ಆದೇಶದ ಅವಧಿ ಮುಗಿಯಲು ಐದು ದಿನವಿತ್ತು. ಬೆಳಗಿನ ಜಾವ ಮೂರಕ್ಕೆ ಲಾರಿ ಹೊರಟಿತು. ಕತ್ತಲೆ, ಗಾಳಿ, ಎದುರಿಗೆ ಏನೂ ಕಾಣದ ಬಿಳುಪು. ಎಂಟು ಫಲಕಗಳಲ್ಲಿ ಐದು ಉರುಳಿದವು. ಬೆಳಕು ಹರಿಯುವಷ್ಟರಲ್ಲಿ ಮುಖ್ಯಬೀದಿ ಅಂಗೈಯಷ್ಟು ಸ್ವಚ್ಛವಾಗಿತ್ತು, ಮೇಲೆ ಉಪ್ಪು ಬೇರೆ.

ಆ ರಾತ್ರಿ ಹೆದ್ದಾರಿಯ ಚರಂಡಿಯಲ್ಲಿ ಹನ್ನೊಂದು ಸ್ನೋಮೊಬೈಲ್ ಸಾಲಾಗಿ ನಿಂತಿದ್ದವು. ಸವಾರರು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾರಿನ ಕಡೆ ನಡೆದು ಬರುತ್ತಿದ್ದರು. ಮುಂದಿದ್ದವರು ಅದೇ ಪುರಸಭಾ ಸದಸ್ಯರು. ಇಷ್ಟು ಹೋರಾಡಿ ಕಾನೂನು ಮಾಡಿದ್ದೀರಿ, ಬೀದಿಯಲ್ಲೇ ಬರಬಹುದಿತ್ತಲ್ಲ ಎಂದು ಕೇಳಿದೆ.

"ಬೀದಿಯಲ್ಲಿ ಹಿಮ ಎಲ್ಲಿದೆ?" ಎಂದರು.