ಆರು ಎಂಟರ ಶೆಡ್ಡು

ಹಾರೆ, ಗುದ್ದಲಿ, ಕೆಟ್ಟುಹೋದ ಸ್ಪ್ರೇಯರು, ಅರ್ಧ ಚೀಲ ಸುಣ್ಣ, ಒಂದಿಷ್ಟು ಮೈಲುತುತ್ತ, ಹರಿದ ಟಾರ್ಪಾಲು, ಯಾವ ಪಂಪಿಂದು ಅಂತ ಯಾರಿಗೂ ಗೊತ್ತಿಲ್ದಿರೋ ಒಂದು ಫುಟ್‌ವಾಲ್ವು. ಇಷ್ಟಕ್ಕೆಲ್ಲ ಒಂದು ಸೂರು ಬೇಕು ಅಂತ ಹಿತ್ತಲಲ್ಲಿ ಶೆಡ್ ಹಾಕ್ಸೋ ತೀರ್ಮಾನ ಆಯ್ತು. ಎಂಟಡಿ ಉದ್ದ, ಆರಡಿ ಅಗಲ, ಮೇಲೊಂದು ಶೀಟು. ಮನೆಯವ್ರೆಲ್ಲ ಕೂತು ಮಾತಾಡಿದ್ದು ಬರೀ ಶೀಟಿನ ಬಣ್ಣದ ಬಗ್ಗೆ, ನೀಲಿಯೋ ಕೆಂಪೋ ಅಂತ. ನೆಲದ ಬಗ್ಗೆ ಒಬ್ರೂ ಬಾಯಿ ಬಿಡ್ಲಿಲ್ಲ, ನೆಲ ಹೆಂಗೂ ಅಲ್ಲೇ ಇದ್ಯಲ್ಲ!

ಎಲ್ಲಿ ಕಟ್ಟೋದು ಅಂತ ಬಂದಾಗ ಮಾತ್ರ ಅತ್ತೆ ಎದ್ದು ಬಂದ್ರು. ಭಾರದ್ದು, ಹಳೇದು ಎಲ್ಲ ನೈಋತ್ಯಕ್ಕೆ, ಈಶಾನ್ಯ ಖಾಲಿ ಬಿಡ್ಬೇಕು. ವಾಸ್ತು ಹೇಳೋರೂ ಇದನ್ನೇ ಹೇಳ್ತಾರೆ, ನೈಋತ್ಯ ಎತ್ತರ ಇರ್ಬೇಕು ಅಂತಾನೂ ಸೇರಿಸ್ತಾರೆ. ನಮ್ಮ ಹಿತ್ತಲಿಗೆ ಇದ್ಯಾವ್ದೂ ಗೊತ್ತಿಲ್ಲ. ಹಿಂದಿನ ದರೆ ಮೇಲಿಂದ ಇಳಿಯೋ ನೀರೆಲ್ಲ ನೇರ ನೈಋತ್ಯದ ಮೂಲೆಗೇ ಬಂದು ಕೂರುತ್ತೆ, ಜುಲೈ ಬಂತಂದ್ರೆ ಅಲ್ಲಿ ಕಪ್ಪೆಗಳದ್ದೇ ರಾಜ್ಯ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುತ್ತಂತೆ, ನಮ್ಮೂರಲ್ಲಿ ಅದರ ಅರ್ಧ ಬಿದ್ರೂ ಶೆಡ್ಡೊಳಗೆ ಸುಣ್ಣದ ಚೀಲ ಗಾರೆಯಾಗೋಕೆ ಸಾಕು. ಕೊನೆಗೆ ಮೇಸ್ತ್ರಿ ನಾಲ್ಕು ಹೆಜ್ಜೆ ಉತ್ತರಕ್ಕೆ ಸರಿದು ನಿಂತು "ಅಮ್ಮಾ, ಇದೂ ಒಂಥರಾ ನೈಋತ್ಯಾನೇ" ಅಂದ, ಅತ್ತೇನೂ ಒಪ್ಪಿದ್ರು. ದಿಕ್ಕು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳುತ್ತೆ, ನೀರು ಮಾಡ್ಕೊಳ್ಳಲ್ಲ.

ಗುದ್ದಲಿ ಪೂಜೆನೂ ಆಯ್ತು ಅನ್ನಿ. ಮೋರಿ ಸ್ಲಾಬಿಗೂ ಎಮ್ಮೆಲ್ಲೆ ಬಂದು ಕಾಯಿ ಒಡೆಯೋ ಕಾಲ, ನಮ್ಮ ಶೆಡ್ಡೇನು ಕಮ್ಮಿ?

ನೆಲ ಮಟ್ಟ ಇದೆ ಅಂತ ನಾವು ಅಂದ್ಕೊಂಡಿರ್ತೀವಲ್ಲ, ಅದು ಕಣ್ಣಿನ ಔದಾರ್ಯ ಅಷ್ಟೇ. ಮೇಸ್ತ್ರಿ ನಾಲ್ಕು ಮೂಲೆಗೂ ಗೂಟ ಹೊಡ್ದು, ಪ್ಲಾಸ್ಟಿಕ್ ಟ್ಯೂಬಲ್ಲಿ ನೀರು ತುಂಬ್ಸಿ, ಒಂದು ತುದಿ ನನ್ನ ಕೈಗೆ ಕೊಟ್ಟು ಇನ್ನೊಂದು ತಾನು ಹಿಡ್ಕೊಂಡ. ನಡುವೆ ಎಲ್ಲೂ ಗಾಳಿಗುಳ್ಳೆ ಇರಬಾರದು, ಇದ್ರೆ ಮಟ್ಟ ತಪ್ಪುತ್ತೆ, ಹಂಗಾಗಿ ಟ್ಯೂಬಿಗೆ ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಓಡಿಸ್ಬೇಕು. ನೋಡಿದ್ರೆ ದಿನಾ ಬಟ್ಟೆ ಒಣಗ್ಸೋ ಆ ಜಾಗ ಎಂಟಡಿ ಒಳಗೇ ಒಂದು ಗೇಣು ಇಳಿಜಾರು! ಲೇಸರ್ ಹಿಡಿದು ಬರೋ ಇಂಜಿನಿಯರುಗಳೂ ಇದ್ದಾರೆ ಬಿಡಿ, ಆದ್ರೆ ಹತ್ತು ರೂಪಾಯಿ ಟ್ಯೂಬಿಗೆ ಇರೋ ನಿಷ್ಠುರ ನಂಗಂತೂ ಇಷ್ಟ ಆಯ್ತು.

ಮೂಲೆ ಸರಿಯಾಗಿದ್ಯಾ ಅಂತ ನೋಡೋದು ಇನ್ನೂ ಚಂದ. ಒಂದು ಬದಿ ಆರು, ಇನ್ನೊಂದು ಎಂಟು, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದ್ರೆ ಸರಿಯಾಗಿ ಹತ್ತು ಬರ್ಬೇಕು. ಬಂದಿದ್ದು ಎರಡಿಂಚು ಹೆಚ್ಚು, ಒಂದು ಗೂಟ ಸರೀತು, ಮತ್ತೆ ಹಿಡಿದ್ರು, ಆ ಕಡೆ ಕರ್ಣಾನೂ ಹತ್ತು, ಈ ಕಡೇದೂ ಹತ್ತು. ಹೈಸ್ಕೂಲಲ್ಲಿ ಪೈಥಾಗೊರಸ್ ಅಂತ ಉರು ಹೊಡೆದಿದ್ದು, ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿ ಕಟ್ಟೋಕೆ ಹಗ್ಗದ ಲೆಕ್ಕವಾಗಿ ಬಂದಿದ್ದು, ಎರಡೂ ನಮ್ಮನೆ ಮೈಲುತುತ್ತದ ಡಬ್ಬಿಗೋಸ್ಕರ ಹಿತ್ತಲಿಗೆ ಬಂದು ನಿಂತಿದ್ವು.

ಆಮೇಲೆ ಅಗೆಯೋದು. ಮೇಲಿನ ಅರ್ಧ ಅಡಿ ಕಪ್ಪು ಮಣ್ಣು, ಬೇರು, ಕೊಳೆತ ಎಲೆ ಎಲ್ಲ ತೆಗೀಲೇಬೇಕು, ಗಿಡಕ್ಕೆ ಎಷ್ಟು ಒಳ್ಳೇದೋ ಕಟ್ಟಡಕ್ಕೆ ಅಷ್ಟೇ ಕೆಟ್ಟದ್ದು, ಯಾಕಂದ್ರೆ ಅದು ಕೊಳೀತಾ ಕೊಳೀತಾ ಕುಸಿಯುತ್ತೆ. ಆ ಮಣ್ಣು ಬಸಳೆ ಬುಡಕ್ಕೆ ಹೋಯ್ತು. ಕೆಳಗೆ ಕೆಂಪು ಗಟ್ಟಿ ನೆಲ ಸಿಕ್ತು, ನಮ್ಮ ಪುಣ್ಯ. ಗದಗದ ಕಡೆ ಇರೋ ನೆಂಟರು ಹೇಳ್ತಿದ್ರು, ಅಲ್ಲಿನ ಎರೆಮಣ್ಣು ಮಳೇಲಿ ಉಬ್ಬಿ ಬೇಸಿಗೇಲಿ ಕೈ ಹೋಗೋಷ್ಟು ಬಿರುಕು ಬಿಡುತ್ತೆ, ಅದನ್ನ ತೋಡಿ ಹಾಕಿ ಗರಸು ತುಂಬ್ಸದೆ ಏನ್ ಕಟ್ಟಿದ್ರೂ ಗೋಡೆ ಸೀಳುತ್ತೆ ಅಂತ.

ತಗ್ಗಿನ ಕಡೆ ಮಣ್ಣು ತುಂಬಿ ಎತ್ತರ ಮಾಡೋಣ ಅಂದ್ರೆ ಮೇಸ್ತ್ರಿ ಬೇಡ ಅಂದ. ತುಂಬಿದ ಮಣ್ಣು ಕೂರುತ್ತೆ ಅಕ್ಕಾ, ಆದಷ್ಟು ಎತ್ತರದ ಕಡೆ ಕಡೀಬೇಕು, ಎಲ್ಲಿ ತುಂಬ್ಲೇಬೇಕೋ ಅಲ್ಲಿ ಅರ್ಧರ್ಧ ಅಡಿ ಹಾಕಿ, ನೀರು ಹೊಯ್ದು, ದಿಮ್ಮಸಲ್ಲಿ ಹೊಡೀಬೇಕು ಅಂತ. ಕಡಿದ ಕಡೆ ಮೇಲಿನ ನೀರು ಒಳಗೆ ನುಗ್ಗುತ್ತಲ್ಲ, ಅದಕ್ಕೆ ಹಿಂದೆ ಅಡಿಕೆ ತೋಟದ್ದೇ ತರ ಒಂದು ಬಸಿಗಾಲುವೆ. ಸುತ್ತ ಜಂಬಿಟ್ಟಿಗೆಯ ಎರಡು ವರಸೆ, ನಡುವೆ ಜಲ್ಲಿ, ಅದರ ಮೇಲೆ ತೇವ ಏರದಿರ್ಲಿ ಅಂತ ಪ್ಲಾಸ್ಟಿಕ್ ಶೀಟು, ಅದರ ಮೇಲೆ ನಾಲ್ಕಿಂಚು ಕಾಂಕ್ರೀಟು. ಹಳೇ ಕೊಟ್ಟಿಗೆಗಳಲ್ಲಿ ಮರದ ಕಂಬದ ಅಡಿಗೆ ಒಂದು ಕಲ್ಲು ಕೊಟ್ಟು ಮಣ್ಣಿಂದ ಮೇಲಕ್ಕೆ ಎತ್ತಿರ್ತಿದ್ರಲ್ಲ, ಗೆದ್ದಲಿಗೂ ತೇವಕ್ಕೂ ಅಂತ, ಈಗಿಂದೂ ಅದೇ ಬುದ್ಧಿ, ಖರ್ಚು ಮಾತ್ರ ಜಾಸ್ತಿ.

ಖರ್ಚು ಅಂದ್ರೆ ಲೆಕ್ಕ ಕೇಳಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಮಿಕ್ಸು, 16 ಘನ ಅಡಿ ಕಾಂಕ್ರೀಟಿಗೆ ಬೇಕಾಗಿದ್ದು ಸಿಮೆಂಟು 3 ಚೀಲ, ಎಂ-ಸ್ಯಾಂಡು, ಅಂದ್ರೆ ಕಲ್ಲು ಪುಡಿ ಮಾಡಿದ ಮರಳು, 7 ಘನ ಅಡಿ ಚಿಲ್ಲರೆ. ಆದ್ರೆ ಏಳಡಿ ಮರಳು ಯಾರು ತಂದುಕೊಡ್ತಾರೆ, ಯುನಿಟ್ ಅಂದ್ರೆ 100 ಘನ ಅಡಿ, ಅಂಗಲಾಚಿ ಬೇಡಿದ್ಮೇಲೆ ಅರ್ಧ ಯುನಿಟ್ ಬಂದು ಗೇಟಲ್ಲಿ ಸುರೀತು. ಬೇಡದ ಸಾಮಾನು ಇಡೋಕೆ ಶೆಡ್ಡು, ಶೆಡ್ಡು ಕಟ್ಟೋಕೆ ಹೋಗಿ ಇನ್ನೊಂದು ಗುಡ್ಡೆ ಬೇಡದ ಸಾಮಾನು. ಈಗ ಆ ಮರಳು ಪೂರ್ತಿ ಬೀದಿ ಬೆಕ್ಕುಗಳ ಸ್ವಾಧೀನ.

ಕಾಂಕ್ರೀಟ್ ಹಾಕಿ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಸಿದ್ವಿ, ಕನಿಷ್ಠ 7 ದಿನ ಒಣಗಬಾರ್ದು. ಕ್ಯೂರಿಂಗ್ ಮುಗಿದು ನೀರು ಇಳಿದ ಮೇಲೆ ನೋಡಿದ್ರೆ, ಇಡೀ ಹಿತ್ತಲಲ್ಲಿ ನಿಜವಾಗ್ಲೂ ಮಟ್ಟ ಇರೋ, ಇರುವೆ ಬೇಗ ಹತ್ತದಿರೋ, ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು ಬೀಳೋ ಜಾಗ ಅಂದ್ರೆ ಇದೊಂದೇ. ಹಲಸಿನಕಾಯಿ ಸೀಸನ್ನು ಬೇರೆ. ಮರುದಿನವೇ ಅದರ ಮೇಲೆ ಹಳೇ ಪಂಚೆ ಹಾಸಿ ಅತ್ತೆ ಹಪ್ಪಳ ಹರಡಿದ್ರು, ಪಕ್ಕದ ಮನೆಯವ್ರೂ ಒಂದು ಚಾಪೆ ಅಗಲದ ಜಾಗ ಬುಕ್ ಮಾಡಿದ್ರು. ನೀಲಿ ಶೀಟು ಬಂದು ಗೋಡೆಗೆ ಒರಗಿದೆ, ಹಾರೆ ಗುದ್ದಲಿ ಇನ್ನೂ ಮೊದಲಿನ ಹಾಗೇ ಬಚ್ಚಲ ಹಿಂದೆ. ನಿನ್ನೆ ಮೇಸ್ತ್ರಿ ಫೋನ್ ಮಾಡಿ, ಮಳೆ ಹತ್ರ ಬಂತು, ಕಂಬ ಯಾವಾಗ ನಿಲ್ಸೋಣ ಅಂತ ಕೇಳ್ದ. ನಾನು ಉತ್ತರ ಹುಡುಕ್ತಿರೋವಾಗ್ಲೇ ಅತ್ತೆ ಫೋನ್ ಕಿತ್ಕೊಂಡು "ಇನ್ನೂ ನಾಲ್ಕು ಕಾಯಿ ಮರದಲ್ಲೇ ಇದೆ ಕಣೋ, ಸ್ವಲ್ಪ ತಡಿ" ಅಂದ್ರು.