ಮೊದಲ ದುಡ್ಡು ಚಿಕ್ಕ ತರಗತಿಗಳಿಗೆ ಹೋಗಲಿ

ಸರ್ಕಾರಿ ಶಾಲೆಗಳಿಗೆ ಮೊದಲು ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡ್ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ದುಡ್ಡು ಒಂದರಿಂದ ಮೂರನೇ ತರಗತಿಗೆ ಹೋಗಬೇಕು. ಅಷ್ಟರೊಳಗೆ ಓದಲು ಬಾರದ ಮಗುವಿಗೆ ಮುಂದೆ ಗಣಿತವೂ ಕಷ್ಟ. ಪ್ರಶ್ನೆಯನ್ನು ಓದಿಯೇ ತಾನೇ ಲೆಕ್ಕ ಮಾಡಬೇಕು, ಅಲ್ವಾ?

ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಲ್ಲಿ, ಚಿಕ್ಕ ಮಕ್ಕಳ ತರಗತಿಯಲ್ಲಿ ಸಂಖ್ಯೆ ಕಡಿಮೆ ಇದ್ದರೆ ಕಲಿಕೆ ಹೆಚ್ಚುತ್ತದೆಯೇ ಅಂತ ನೋಡಲು ಒಂದು ದೊಡ್ಡ ಪ್ರಯೋಗ ಶುರುವಾಯಿತು. 22ರಿಂದ 25 ಮಕ್ಕಳಿದ್ದ ತರಗತಿಗಳಿಗಿಂತ 13ರಿಂದ 17 ಮಕ್ಕಳಿದ್ದ ತರಗತಿಗಳಲ್ಲಿ ಕಲಿತವರು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು. ಬಡ ಮಕ್ಕಳಿಗೆ ಲಾಭ ಇನ್ನೂ ಜಾಸ್ತಿ ಆಗಿತ್ತು. ಅದನ್ನು ಓದಿದಾಗಿನಿಂದ ನನಗೆ, ಈ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡುವುದಕ್ಕಿಂತ ಬೇರೆ ಯಾವ ಖರ್ಚೂ ಮುಖ್ಯ ಅನ್ನಿಸಿಲ್ಲ.

ಶಿಕ್ಷಕರ ಸಮಯವನ್ನೂ ಉಳಿಸಿ. ಪಟ್ಟಿ, ವರದಿ, ಸಭೆ ಅಂತ ಪಾಠದ ಹೊತ್ತು ಸುಮ್ನೆ ಕರಗಿ ಹೋಗುತ್ತದೆ. ಆ ಕೆಲಸಕ್ಕೆ ಬೇರೆಯವರನ್ನು ಕೊಡಿ. ಹೊಸ ಶಿಕ್ಷಕರ ಜೊತೆ ಮೊದಲ ವರ್ಷ ಅನುಭವ ಇರುವ ಒಬ್ಬರು ಇರಲಿ. ತರಬೇತಿಯಲ್ಲಿ ದಿನವಿಡೀ ಭಾಷಣ ಕೇಳುವುದಕ್ಕಿಂತ, ಪಕ್ಕದ ತರಗತಿಯಲ್ಲಿ ಕೂತು ಒಂದು ಒಳ್ಳೆಯ ಪಾಠ ನೋಡಿದರೆ ಹೆಚ್ಚು ಕಲಿಯಬಹುದು.

ಶೌಚಾಲಯ, ಕುಡಿಯುವ ನೀರಿನ ಬಗ್ಗೆ ಚರ್ಚೆಯೇ ಬೇಡ, ಅವು ಇರಲೇಬೇಕು. ಸ್ಮಾರ್ಟ್ ಬೋರ್ಡ್ ಆಮೇಲೆ ತರೋಣ.